ಮಕ್ಕಳಿಗಾಗಿ ಮನೆಯ ಬಣ್ಣದ ಬಿಸ್ಕತ್ತು

ಗೌರಿ ಹುಣ್ಣಿಮೆ ಸಮೀಪಿಸಿದಂತೆ ನಮ್ಮ ಉತ್ತರ ಕರ್ನಾಟಕದ ಪೇಟೆಗಳಲ್ಲಿ ಸಕ್ಕರೆ ಗೊಂಬೆಗಳ ಅಂಗಡಿಗಳು ತೆರೆದುಕೊಳ್ಳುತ್ತವೆ. ಆನೆ, ಕುದುರೆ, ಗಿಳಿ, ನವಿಲು, ತೇರು ಮೊದಲಾದ ಆಕಾರಗಳ ಕೆಂಪು, ಹಳದಿ, ಬಿಳಿ ಗೊಂಬೆಗಳನ್ನು ಆರತಿಯ ತಟ್ಟೆಯಲ್ಲಿಟ್ಟುಕೊಂಡು ಹೆಣ್ಣುಮಕ್ಕಳು ಗೌರಿಗೆ ಬೆಳಗಲು ಹೋಗುವ ದೃಶ್ಯವನ್ನು ಬಾಲ್ಯದಿಂದಲೂ ನೋಡುತ್ತ ಬಂದವನು ನಾನು. ಆರತಿ ಮುಗಿದ ಮೇಲೆ ಅಕ್ಕಂದಿರ ತಟ್ಟೆಯಿಂದ ಒಂದು ಗಿಳಿಯನ್ನೋ ಆನೆಯ ಸೊಂಡಿಲನ್ನೋ ಪಡೆದು ನೆಕ್ಕುತ್ತ, ಯಾರ ನಾಲಿಗೆ ಹೆಚ್ಚು ಕೆಂಪಾಯಿತೆಂದು ಓಣಿಯ ಹುಡುಗರೆಲ್ಲ ಪರಸ್ಪರ ನಾಲಿಗೆ ಚಾಚಿ ಪರೀಕ್ಷಿಸುತ್ತಿದ್ದೆವು. ಮಗುವನ್ನು ತಿನಿಸಿನ ಕಡೆಗೆ ಮೊದಲು ಕರೆಯುವುದು ರುಚಿಯಲ್ಲ. ಬಣ್ಣ ಮತ್ತು ಆಕಾರ.

ಆ ಬಣ್ಣ ಯಾವುದರಿಂದ ಬಂದುದೆಂದು ಆಗ ಯಾರೂ ಕೇಳುತ್ತಿರಲಿಲ್ಲ. ವರ್ಷಕ್ಕೊಮ್ಮೆ ಬರುವ ಹಬ್ಬ. ಒಂದು ಗಿಳಿ, ಒಂದು ಸೊಂಡಿಲು, ಅಷ್ಟಕ್ಕೆ ಮುಗಿಯುತ್ತಿತ್ತು. ಇಂದು ಅದೇ ಹಬ್ಬವು ಕಿರಾಣಿ ಅಂಗಡಿಯ ಬಾಗಿಲಲ್ಲಿ ಚಿಕ್ಕ ಪೊಟ್ಟಣಗಳ ಸರವಾಗಿ ವರ್ಷದ ಎಲ್ಲ ದಿನಗಳಲ್ಲೂ ತೂಗಾಡುತ್ತಿದೆ.

ಈ ವಿಷಯದಲ್ಲಿ ನಾನೂ ನಿರ್ದೋಷಿಯಲ್ಲವೆಂಬುದನ್ನು ಮೊದಲೇ ಒಪ್ಪಿಕೊಳ್ಳಬೇಕು. ಅನೇಕ ವರ್ಷಗಳ ಕಾಲ ನನ್ನ ಚಿಕಿತ್ಸಾಲಯದ ಮೇಜಿನ ಮೇಲೆ ಒಂದು ಗಾಜಿನ ಭರಣಿ ಇರುತ್ತಿತ್ತು. ಅಳುವ ಮಕ್ಕಳನ್ನು ಸುಮ್ಮನಾಗಿಸಲು ಅದರಲ್ಲಿ ಬೇಕರಿಯ ಬಣ್ಣದ ಬಿಸ್ಕತ್ತುಗಳನ್ನು ತುಂಬಿಡುತ್ತಿದ್ದೆ. ಕಳೆದ ವರ್ಷ ಶ್ರಾವಣದಲ್ಲಿ ಒಬ್ಬ ಅಜ್ಜಿ ತಮ್ಮ ಆರು ವರ್ಷದ ಮೊಮ್ಮಗಳನ್ನು ಕರೆತಂದರು. ಮಗು ಊಟ ಮಾಡುವುದಿಲ್ಲ, ಹಸಿವಾಗಲು ಟಾನಿಕ್ ಬೇಕು ಎಂಬುದು ಅವರ ಬೇಡಿಕೆ. ಕಣ್ಣಿನ ಒಳರೆಪ್ಪೆ ಬಿಳಿಚಿತ್ತು. ರಕ್ತಪರೀಕ್ಷೆಯಲ್ಲಿ ಹಿಮೋಗ್ಲೋಬಿನ್ 9 ಗ್ರಾಂ ಬಂದಿತು. ಈ ವಯಸ್ಸಿಗೆ ಅದು 11.5ಕ್ಕಿಂತ ಕಡಿಮೆ ಇರಬಾರದು. ಬೆಳಗಿನಿಂದ ಏನು ತಿನ್ನುತ್ತಾಳೆಂದು ವಿಚಾರಿಸಿದಾಗ ತಿಳಿದದ್ದಿಷ್ಟು: ಎದ್ದ ಕೂಡಲೇ ಚಹಾದಲ್ಲಿ ಅದ್ದಿದ ನಾಲ್ಕಾರು ಬಿಸ್ಕತ್ತು, ಶಾಲೆಯ ಚೀಲದಲ್ಲಿ ಒಂದು ಪೊಟ್ಟಣ, ಸಂಜೆ ಮತ್ತೆ ಚಹಾ, ಮತ್ತೆ ಬಿಸ್ಕತ್ತು. ಹಸಿವು ಹುಟ್ಟುವ ಮೊದಲೇ ಅದನ್ನು ಕೊಲ್ಲುವ ಏರ್ಪಾಡು ಇದು. ಮೇಲಾಗಿ ಚಹಾದ ಒಗರು ಆಹಾರದಲ್ಲಿನ ಕಬ್ಬಿಣಾಂಶವನ್ನು ಕರುಳು ಹೀರಿಕೊಳ್ಳದಂತೆ ತಡೆಯುತ್ತದೆ. ರಕ್ತಹೀನತೆಗೆ ಬಿಸ್ಕತ್ತೊಂದೇ ಕಾರಣವೆಂದು ನಾನು ಹೇಳಲಾರೆ, ಜಂತುಗಳೂ ಇದ್ದವು. ಆದರೆ ರೊಟ್ಟಿ, ಕಾಳು, ಸೊಪ್ಪು ಇರಬೇಕಾದ ಜಾಗವನ್ನು ಬಿಸ್ಕತ್ತು ಆಕ್ರಮಿಸಿಕೊಂಡಿತ್ತು. ಇದನ್ನೆಲ್ಲ ಅಜ್ಜಿಗೆ ವಿವರಿಸುತ್ತಲೇ, ಅಳುತ್ತಿದ್ದ ಮಗುವಿನ ಕೈಗೆ ಅಭ್ಯಾಸಬಲದಿಂದ ಭರಣಿಯ ಕೆಂಪು ಬಿಸ್ಕತ್ತೊಂದನ್ನು ಇಟ್ಟೆ. ಅಜ್ಜಿ ನನ್ನ ಕೈಯನ್ನೇ ನೋಡಿದರು, ಏನೂ ಅನ್ನಲಿಲ್ಲ. ಅಂದು ಸಂಜೆ ಭರಣಿ ಖಾಲಿಯಾಯಿತು.

ಅಂಗಡಿಯ ಬಣ್ಣಗಳ ವಿಷಯವನ್ನು ಸಂಕ್ಷೇಪವಾಗಿ ತಿಳಿಸುತ್ತೇನೆ. ನಮ್ಮ ದೇಶದಲ್ಲಿ ಆಹಾರಕ್ಕೆ ಎಂಟು ಕೃತಕ ಬಣ್ಣಗಳನ್ನು ಬಳಸಲು ಕಾನೂನಿನ ಅನುಮತಿಯಿದೆ. ಪ್ರಮಾಣಕ್ಕೆ ಮಿತಿಯೂ ಇದೆ. ಮೆಟಾನಿಲ್ ಹಳದಿ, ರೋಡಮೈನ್-ಬಿ ಮುಂತಾದವು ಬಟ್ಟೆ ಮತ್ತಿತರ ಕೈಗಾರಿಕೆಯ ಬಣ್ಣಗಳು. ಅವು ಹೊಟ್ಟೆಗೆ ಸಲ್ಲವು. 2024ರ ಮಾರ್ಚಿನಲ್ಲಿ ನಮ್ಮ ರಾಜ್ಯ ಸರ್ಕಾರವು ಗೋಬಿ ಮಂಚೂರಿಯಲ್ಲಿ ಕೃತಕ ಬಣ್ಣವನ್ನೂ ಬೊಂಬಾಯಿ ಮಿಠಾಯಿಯಲ್ಲಿ ರೋಡಮೈನ್-ಬಿಯನ್ನೂ ನಿಷೇಧಿಸಿದ್ದು ಓದುಗರ ನೆನಪಿನಲ್ಲಿರಬಹುದು. ಅನುಮತಿಯುಳ್ಳ ಬಣ್ಣಗಳೂ ಪ್ರಶ್ನಾತೀತವಲ್ಲ. 2007ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟವಾದ ಇಂಗ್ಲೆಂಡಿನ ಸೌತಾಂಪ್ಟನ್ನಿನ ಅಧ್ಯಯನವೊಂದರಲ್ಲಿ, ಕೆಲವು ಬಣ್ಣಗಳನ್ನು ಸೋಡಿಯಂ ಬೆಂಜೊಯೇಟ್ ಎಂಬ ಸಂರಕ್ಷಕದೊಡನೆ ಬೆರೆಸಿ ಕೊಟ್ಟಾಗ ಸುಮಾರು 300 ಮಕ್ಕಳಲ್ಲಿ ಸರಾಸರಿಯಾಗಿ ಚಂಚಲತೆ ತುಸು ಹೆಚ್ಚಿದ್ದು ಕಂಡುಬಂದಿತು. ಅದರ ಫಲವಾಗಿ 2010ರಿಂದ ಯುರೋಪಿನ ಒಕ್ಕೂಟದಲ್ಲಿ ಆರು ಬಣ್ಣಗಳ ಪೊಟ್ಟಣಗಳ ಮೇಲೆ ಎಚ್ಚರಿಕೆಯ ಮಾತು ಅಚ್ಚಾಗಬೇಕೆಂಬ ನಿಯಮ ಬಂದಿತು. ಆ ಆರರಲ್ಲಿ ನಾಲ್ಕು ನಮ್ಮ ಪಟ್ಟಿಯಲ್ಲಿಯೂ ಇವೆ. ಪೊಟ್ಟಣದ ಹಿಂಬದಿಯಲ್ಲಿ 102, 110, 122, 124 ಎಂಬ ಸಂಖ್ಯೆಗಳು ಕಂಡರೆ ಅವೇ ಇವು. ಒಂದು ಬಿಸ್ಕತ್ತು ತಿಂದ ಮಗುವಿಗೆ ಏನೋ ಆಗಿಬಿಡುತ್ತದೆಂದು ಭಯಪಡಿಸುವುದು ನನ್ನ ಉದ್ದೇಶವಲ್ಲ. ದಿನನಿತ್ಯ ಬೇಡ, ಅಷ್ಟೇ.

ಹಾಗಾದರೆ ಮಕ್ಕಳಿಗೆ ಸಿಹಿಯೇ ಬೇಡವೆ? ಆಯುರ್ವೇದವು ಅಷ್ಟು ನಿಷ್ಠುರವಲ್ಲ. ವಾಗ್ಭಟಾಚಾರ್ಯರು ‘ಅಷ್ಟಾಂಗಹೃದಯ’ದ ಉತ್ತರಸ್ಥಾನದಲ್ಲಿ ಎದೆಹಾಲು ಬಿಡಿಸಿದ ಶಿಶುವಿಗೆ ಮೋದಕಗಳನ್ನೇ ವಿಧಿಸಿದ್ದಾರೆ. ದೇಹವನ್ನು ತಣಿಸುವ ಮೋದಕಕ್ಕೆ ಚಾರೋಳಿಯ ತಿರುಳು, ಜ್ಯೇಷ್ಠಮಧು, ಜೇನು, ಅರಳು, ಕಲ್ಲುಸಕ್ಕರೆ. ಜಠರಾಗ್ನಿಯನ್ನು ಉದ್ದೀಪಿಸುವ ಮೋದಕಕ್ಕೆ ಎಳೆಯ ಬಿಲ್ವದ ಕಾಯಿ, ಏಲಕ್ಕಿ, ಸಕ್ಕರೆ, ಅರಳಿನ ಹಿಟ್ಟು. ಮಗು ಇಷ್ಟಪಟ್ಟು ಬಾಯಿ ತೆರೆಯುವ ರೂಪದಲ್ಲಿ ಪಥ್ಯವನ್ನು ಕೊಡಬೇಕೆಂಬ ತಿಳಿವಳಿಕೆ ಆಚಾರ್ಯರಿಗೆ ಇತ್ತೆಂಬುದು ಇದರಿಂದ ಸ್ಪಷ್ಟ. ಅದೇ ಸಮಯದಲ್ಲಿ ಚರಕಾಚಾರ್ಯರು ಹಿಟ್ಟಿನ ತಿನಿಸುಗಳನ್ನು ‘ಗುರು’, ಅಂದರೆ ಜೀರ್ಣಕ್ಕೆ ಭಾರವಾದವು ಎಂದು ಎಣಿಸಿ, ಊಟವಾದ ಮೇಲೆ ಅವುಗಳನ್ನು ತಿನ್ನಲೇಬಾರದು, ಹಸಿದವನೂ ಮಿತವಾಗಿಯೇ ತಿನ್ನಬೇಕು ಎಂದು ನಿರ್ಬಂಧಿಸಿದ್ದಾರೆ. ಬಿಸ್ಕತ್ತಿಗೆ ಈ ಮಾತು ಅಕ್ಷರಶಃ ಅನ್ವಯಿಸುತ್ತದೆ. ಅದು ಮನೆಯಲ್ಲಿ ಮಾಡಿದ್ದಾದರೂ ಹಿಟ್ಟು, ತುಪ್ಪ, ಸಕ್ಕರೆಗಳ ಮುದ್ದೆಯೇ ಹೊರತು ಔಷಧವಲ್ಲ.

ಒಲೆಯಲ್ಲಿ ಸುಡುವ ಈ ವಿದ್ಯೆ ಪೂರ್ತಿ ಪರದೇಶದ್ದೆಂದು ಕೆಲವರು ಭಾವಿಸುತ್ತಾರೆ. ಹದಿನಾರನೆಯ ಶತಮಾನದ ಆರಂಭದಲ್ಲಿ ಮೂರನೆಯ ಮಂಗರಸನು ಕನ್ನಡದಲ್ಲಿ ರಚಿಸಿದ ‘ಸೂಪಶಾಸ್ತ್ರ’ದ ಮೊದಲ ಅಧ್ಯಾಯ ಹಿಟ್ಟಿನ ತಿನಿಸುಗಳಿಗೇ ಮೀಸಲು. ಅದರಲ್ಲಿ ಬರುವ ಮುಚ್ಚಳ ರೊಟ್ಟಿಯನ್ನು ಎರಡು ತಟ್ಟೆಗಳ ನಡುವೆ ಇಟ್ಟು, ಮೇಲೆಯೂ ಕೆಳಗೆಯೂ ಕೆಂಡ ಹಾಕಿ ಬೇಯಿಸುತ್ತಿದ್ದರು. ಇಂದಿನ ಓವನ್ನಿನ ತತ್ತ್ವವೂ ಇದಕ್ಕಿಂತ ಹೆಚ್ಚಿನದೇನಲ್ಲ.

ದಸರೆಯ ರಜೆಯಲ್ಲಿ ಎಂಟು ವರ್ಷದ ನನ್ನ ಮೊಮ್ಮಗಳು ಬಂದಾಗ ಈ ಪ್ರಯೋಗಕ್ಕೆ ಕೈಹಾಕಿದೆವು. ಬೀಟ್‌ರೂಟ್ ತುರಿದು, ಹಿಂಡಿ, ಆ ರಸದಲ್ಲಿ ಹಿಟ್ಟು ಕಲಸಿದಾಗ ಕಣ್ಣು ಕೋರೈಸುವ ಗುಲಾಬಿ ಬಣ್ಣ. ಬಿಸ್ಕತ್ತು ಉಬ್ಬಲೆಂದು ನಾನು ಒಂದು ಚಿಟಿಕೆ ಅಡುಗೆ ಸೋಡಾ ಸೇರಿಸಿದೆ. ಅರ್ಧ ಗಂಟೆಯ ನಂತರ ಒಲೆಯಿಂದ ಹೊರಬಂದವು ಕುಳ್ಳಿನ ಬಣ್ಣದ ಬಿಲ್ಲೆಗಳು. ಹುಡುಗಿ ನಕ್ಕು ನಕ್ಕು ನೆಲಕ್ಕೆ ಕುಳಿತಳು. ಹಳದಿಯ ಸರದಿಯಲ್ಲಿ ಅದೇ ತಪ್ಪನ್ನು ಮತ್ತೆ ಮಾಡಿದೆ. ಅರಿಸಿನದ ಬಿಸ್ಕತ್ತು ಕಂದುಗೆಂಪಾಗಿ ಹೊರಬಂದಿತು. ಆಗ ನನ್ನ ಮಡದಿ, "ಅರಿಸಿನಕ್ಕೆ ಸುಣ್ಣ ಬಿದ್ದರೆ ಕೆಂಪಾಗುವುದು ನಿಮಗೆ ತಿಳಿಯದೆ? ಓಕುಳಿ ಕಲಸಿದವರಿಗೆಲ್ಲ ಗೊತ್ತು" ಎಂದಳು. ವೈದ್ಯಪದವಿ ಪಡೆದವನಿಗೆ ಅದು ಹೊಳೆದಿರಲಿಲ್ಲ.

ಸೋಡಾ ಸುಣ್ಣದಂತೆಯೇ ಕ್ಷಾರ. ಅರಿಸಿನವನ್ನು ಕ್ಷಾರವು ಕೆಂಪಾಗಿಸುತ್ತದೆ. ಆಮ್ಲವಿರುವೆಡೆ ಅದು ಶುದ್ಧ ಹಳದಿಯಾಗಿಯೇ ಉಳಿಯುತ್ತದೆ. ಬೀಟ್‌ರೂಟಿನ ಕೆಂಪು ಇನ್ನೂ ಸುಕುಮಾರ; ಕ್ಷಾರಕ್ಕೂ ದೀರ್ಘ ಕಾವಿಗೂ ಅದು ಬಾಳದು. ಹಿಟ್ಟಿಗೆ ಅರ್ಧ ಚಮಚ ನಿಂಬೆರಸ ಬೆರೆಸಿ, ಸೋಡಾ ಬಿಟ್ಟು, ಕಾವನ್ನು ತಗ್ಗಿಸಿದರೆ ಬಣ್ಣ ಬಹುಮಟ್ಟಿಗೆ ನಿಲ್ಲುತ್ತದೆ. ಆದರೂ ಹಸಿ ಹಿಟ್ಟಿನ ಹೊಳಪು ಬಾರದು, ಇಟ್ಟಿಗೆಯ ಕಡೆಗೆ ವಾಲಿದ ಗುಲಾಬಿ ಬರುತ್ತದೆ. ಪಾಲಕ್ ಸೊಪ್ಪಿನ ಸ್ವಭಾವ ಇದಕ್ಕೆ ವಿರುದ್ಧ. ಅದರ ಹಸಿರು ಹುಳಿಗೆ ಮಾಸುತ್ತದೆ, ಕ್ಷಾರಕ್ಕೆ ಉಳಿಯುತ್ತದೆ. ಒಂದು ನಿಮಿಷ ಬಿಸಿನೀರಿನಲ್ಲಿ ಅದ್ದಿ, ನುಣ್ಣಗೆ ಅರೆದು, ನೀರು ಹಿಂಡಿ ಬಳಸಬೇಕು. ಇಲ್ಲಿ ಮಾತ್ರ ಚಿಟಿಕೆಗಿಂತ ಕಡಿಮೆ ಸೋಡಾ ಸಲ್ಲುತ್ತದೆ. ನೀಲಿಗೆ ಬೇಲಿಯ ಮೇಲೆ ಹಬ್ಬುವ ಶಂಖಪುಷ್ಪದ ಹೂವುಗಳಿವೆ. ಏಳೆಂಟು ಹೂವಿನ ಎಸಳುಗಳನ್ನು ಬಿಸಿನೀರಿನಲ್ಲಿ ನೆನೆಸಿದರೆ ಕಡುನೀಲಿ. ಅದಕ್ಕೆ ಎರಡು ಹನಿ ನಿಂಬೆರಸ ಬಿದ್ದರೆ ಕ್ಷಣದಲ್ಲಿ ನೇರಳೆ. ನನ್ನ ಮೊಮ್ಮಗಳು ಬಿಸ್ಕತ್ತನ್ನು ಮರೆತು ಇದನ್ನೇ ಹತ್ತು ಬಾರಿ ಮಾಡಿಸಿದಳು. ಆದರೆ ಆ ಬಳ್ಳಿಯ ಬೇರು ಮತ್ತು ಬೀಜ ವಿರೇಚಕ, ಭೇದಿ ಮಾಡಿಸುವಂಥವು. ಎಸಳುಗಳನ್ನಲ್ಲದೆ ಬೇರೇನನ್ನೂ ಬಳಸಕೂಡದು. ತುಪ್ಪ ಬೆರೆತ ಹಿಟ್ಟಿನೊಳಗೆ ಈ ನೀಲಿ ಬೂದಿಯಂತೆ ಕಾಣುತ್ತದೆ. ಆದಕಾರಣ ಬಿಸ್ಕತ್ತು ಬೆಂದು ತಣಿದ ಮೇಲೆ, ಎರಡು ಚಮಚ ಸಕ್ಕರೆ ಪುಡಿಗೆ ಕೆಲವೇ ಹನಿ ನೀಲಿ ನೀರನ್ನು ಬೆರೆಸಿ, ಬೆರಳ ತುದಿಯಿಂದ ತೆಳುವಾಗಿ ಹಚ್ಚಬೇಕು. ಬೀಟ್‌ರೂಟಿನ ಹೊಳೆಯುವ ಗುಲಾಬಿಯೇ ಬೇಕೆನ್ನುವವರಿಗೂ ಇದೇ ಉಪಾಯ.

ಇನ್ನು ರಾಗಿಯ ಕಂದು. ರಾಗಿಗೆ ಬೆಲ್ಲ, ಏಲಕ್ಕಿ ಸೇರಿಸಿ ಮಾಡಿದ ಬಿಸ್ಕತ್ತು ಬಣ್ಣದ ಸ್ಪರ್ಧೆಯಲ್ಲಿ ಸೋತರೂ ರುಚಿಯಲ್ಲಿ ಎಲ್ಲವನ್ನೂ ಮೀರಿಸಿತು. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣದಂಶವಿದೆಯೆಂಬುದು ಬೇರೆಯ ಲಾಭ.

ಅರಿಸಿನದ ವಿಷಯದಲ್ಲಿ ಒಂದು ಎಚ್ಚರಿಕೆ ಅವಶ್ಯ. ನೈಸರ್ಗಿಕವೆಂದು ನಂಬಿ ಕೊಂಡ ಬಿಡಿ ಪುಡಿಯಲ್ಲಿಯೇ ಬಣ್ಣ ಬೆರೆತಿರಬಹುದು. ಹಳದಿ ಹೊಳೆಯಲೆಂದು ಸೀಸದ ಕ್ರೋಮೇಟ್ ಲೇಪಿಸಿದ ಅರಿಸಿನ ನಮ್ಮ ಉಪಖಂಡದಲ್ಲಿ ಪತ್ತೆಯಾಗಿದೆ. ಸೀಸವು ಮಕ್ಕಳ ಮೆದುಳಿನ ಬೆಳವಣಿಗೆಗೆ ನೇರ ಶತ್ರು. ಕೊಂಬು ತಂದು, ತೊಳೆದು, ಒಣಗಿಸಿ ಮನೆಯಲ್ಲಿಯೇ ಪುಡಿ ಮಾಡಿಕೊಳ್ಳುವುದು ಲೇಸು. ಅತಿ ಹೊಳಪಿನ ಕೊಂಬನ್ನು ಕೊಳ್ಳಬೇಡಿರಿ.

ಈಗ ಮಾಡುವ ಕ್ರಮ. ಒಂದು ಬಟ್ಟಲು ಗೋಧಿ ಹಿಟ್ಟು, ಅರ್ಧ ಬಟ್ಟಲು ಜೋಳದ ಅಥವಾ ಅಕ್ಕಿಯ ಹಿಟ್ಟು, ಎರಡೂ ಕೂಡಿ ಸುಮಾರು 180 ಗ್ರಾಂ. ಇದಕ್ಕೆ ಗಟ್ಟಿ ತುಪ್ಪ 85 ಗ್ರಾಂ, ಸಕ್ಕರೆ ಪುಡಿ 60 ಗ್ರಾಂ, ಒಂದು ಚಿಟಿಕೆ ಉಪ್ಪು, ಏಲಕ್ಕಿ. ಬೆಲ್ಲ ಶ್ರೇಷ್ಠವೇ, ಆದರೆ ಅದರ ಕಂದು ಬಣ್ಣ ಉಳಿದ ಬಣ್ಣಗಳನ್ನು ನುಂಗುವುದರಿಂದ ರಾಗಿಯ ಬಿಸ್ಕತ್ತಿಗೆ ಮಾತ್ರ ಅದನ್ನು ಇಟ್ಟುಕೊಳ್ಳಬಹುದು. ವನಸ್ಪತಿ ಬೇಡ. ಅದರಲ್ಲಿನ ಟ್ರಾನ್ಸ್ ಕೊಬ್ಬಿಗೆ 2022ರಿಂದ ಶೇಕಡಾ 2ರ ಮಿತಿ ವಿಧಿಸಿದ್ದರೂ ಮನೆಯಲ್ಲಿ ತುಪ್ಪವಿರುವಾಗ ಅದರ ಗೊಡವೆ ನಮಗೇಕೆ? ಪರದೇಶದ ಪದ್ಧತಿಯಲ್ಲಿ ಹಿಟ್ಟನ್ನು ಹಿಡಿದಿಡಲು ಮೊಟ್ಟೆ ಹಾಕುತ್ತಾರೆ. ಈ ಬಗೆಯ ಬಿಸ್ಕತ್ತಿಗೆ ಅದರ ಅಗತ್ಯವೇ ಇಲ್ಲ. ತುಪ್ಪವೂ ಒಂದೆರಡು ಚಮಚ ಹಾಲೂ ಸಾಕು.

ಮೊದಲು ತುಪ್ಪ ಮತ್ತು ಸಕ್ಕರೆಯನ್ನು ಅಂಗೈಯಿಂದ ಬೆಳ್ಳಗಾಗುವವರೆಗೆ ತಿಕ್ಕಿ, ನಂತರ ಹಿಟ್ಟು ಸೇರಿಸಿ, ಪಾಲು ಮಾಡಿ, ಒಂದೊಂದು ಪಾಲಿಗೆ ಒಂದೊಂದು ಬಣ್ಣ ಕೂಡಿಸಬೇಕು. ಚಪಾತಿಯ ಹಿಟ್ಟಿನಂತೆ ನಾದಬಾರದು. ನಾದಿದಷ್ಟೂ ಬಿಸ್ಕತ್ತು ಬಿರುಸಾಗುತ್ತದೆ. ಬಣ್ಣದ ರಸ ಹೆಚ್ಚಾದರೂ ಇದೇ ಗತಿ. ಆದುದರಿಂದ ಬೀಟ್‌ರೂಟಿನ ರಸವನ್ನು ನಿಂಬೆಯ ಹನಿಯೊಡನೆ ಸಣ್ಣ ಉರಿಯಲ್ಲಿ ಇಂಗಿಸಿ ಒಂದು ಚಮಚಕ್ಕೆ ಇಳಿಸಿಕೊಳ್ಳಬೇಕು. ಅರ್ಧ ಗಂಟೆ ತಂಪಿನಲ್ಲಿಟ್ಟು, ಕಿರುಬೆರಳಿನ ಅರ್ಧ ದಪ್ಪಕ್ಕೆ ಲಟ್ಟಿಸಬೇಕು. ಇಲ್ಲಿಂದ ಮುಂದಿನ ಕೆಲಸ ಮಕ್ಕಳದು. ಡಬ್ಬಿಯ ಮುಚ್ಚಳದಿಂದ ಚಂದ್ರ, ಕೈಯಿಂದ ಹಾವು, ಎರಡು ಬಣ್ಣದ ಹಾಳೆಗಳನ್ನು ಒಂದರ ಮೇಲೊಂದಿಟ್ಟು ಸುರುಳಿ ಸುತ್ತಿ ಕೊಯ್ದರೆ ಬಸವನಹುಳು. ಕಣ್ಣಿಗೆ ಕರಿ ಎಳ್ಳು. ಇಡೀ ಮೆಣಸಿನ ಕಾಳು, ಇಡೀ ಶೇಂಗಾ ಬೇಡ. ಐದು ವರ್ಷದ ಒಳಗಿನ ಮಕ್ಕಳ ಶ್ವಾಸನಾಳದಲ್ಲಿ ಅವು ಸಿಕ್ಕಿಕೊಳ್ಳುವ ಅಪಾಯವಿದೆ. ಆನೆಯ ಕಾಲು ಸೊಟ್ಟಗಾದರೆ ಹಿರಿಯರು ತಿದ್ದಲು ಹೋಗಬಾರದು. ಒಂದನೆಯ ತರಗತಿಯ ಮಕ್ಕಳಿದ್ದರೆ ಅ, ಆ, ಇ ಅಕ್ಷರಗಳನ್ನು ಹಿಟ್ಟಿನಲ್ಲಿಯೇ ತೀಡಿಸಬಹುದು. ‘ಋ’ ಎಂಬ ಅಕ್ಷರ ಮಾತ್ರ ನಮ್ಮ ಮನೆಯಲ್ಲಿ ಯಾರ ಕೈಗೂ ಬಗ್ಗಲಿಲ್ಲ.

ಓವನ್ ಇದ್ದವರು 150 ಡಿಗ್ರಿ ಸೆಲ್ಸಿಯಸ್ ಕಾವಿನಲ್ಲಿ 15ರಿಂದ 18 ನಿಮಿಷ ಇಡಬೇಕು. ಇಲ್ಲದವರು ದಪ್ಪ ತಳದ ಹಳೆಯ ಬೋಗುಣಿಯಲ್ಲಿ ಒಂದೂವರೆ ಬಟ್ಟಲು ಉಪ್ಪು ಹರಡಿ, ಮೇಲೆ ಒಂದು ಕುಕ್ಕೆಯನ್ನಿಟ್ಟು, ಮುಚ್ಚಿ, ಹತ್ತು ನಿಮಿಷ ಕಾಯಿಸಿ, ನಂತರ ಬಿಸ್ಕತ್ತಿನ ತಟ್ಟೆ ಇಟ್ಟು ಸಣ್ಣ ಉರಿಯಲ್ಲಿ 20ರಿಂದ 25 ನಿಮಿಷ ಬೇಯಿಸಬಹುದು. ಕುಕ್ಕರನ್ನು ನೀರಿಲ್ಲದೆ ಕಾಯಿಸುವ ಸಾಹಸ ಬೇಡ. ಅಂಚು ಹೊಂಬಣ್ಣಕ್ಕೆ ತಿರುಗುವ ಮುನ್ನವೇ ತೆಗೆಯಬೇಕು. ಬಿಸಿಯಲ್ಲಿ ಮೆತ್ತಗಿದ್ದು ತಣಿದ ಮೇಲೆ ಗರಿಯಾಗುವುದು ಬಿಸ್ಕತ್ತಿನ ಗುಣ. ಮೆತ್ತಗಿದೆಯೆಂದು ಮತ್ತೆ ಒಲೆಗೆ ಇಟ್ಟವರು ಕರಟಿಸಿಕೊಳ್ಳುತ್ತಾರೆ. ಒಲೆಯ ಹತ್ತಿರದ ಕೆಲಸ ಹಿರಿಯರಿಗೇ ಇರಲಿ.

ಹೀಗೆ ಸುಮಾರು 28 ಬಿಸ್ಕತ್ತುಗಳಾಗುತ್ತವೆ. ಒಂದೊಂದರಲ್ಲಿ 3 ಗ್ರಾಂ ತುಪ್ಪ, 2 ಗ್ರಾಂ ಸಕ್ಕರೆ, ಸುಮಾರು 60 ಕ್ಯಾಲರಿ. ಎರಡು ಬಿಸ್ಕತ್ತು ಒಂದು ಚಪಾತಿಗೆ ಸಮವೆಂದು ತಿಳಿದರೆ ಲೆಕ್ಕ ಸುಲಭ. ಐದು ವರ್ಷ ದಾಟಿದ ಮಗುವಿಗೆ ವಾರದಲ್ಲಿ ಒಂದೆರಡು ದಿನ, ಸಂಜೆ ಆಟ ಮುಗಿಸಿ ಹಸಿದು ಬಂದಾಗ, ಎರಡು ಸಾಕು. ಜೊತೆಗೆ ಚಹಾ ಕೂಡದು. ಹಾಲು ಅಥವಾ ನೀರು. ಬೆಳಗಿನ ಉಪಾಹಾರದ ಬದಲಿಗೆ ಕೊಡಬಾರದು. ಊಟವಾದ ಕೂಡಲೇ ಕೊಡಬಾರದು. ಊಟ ಮಾಡಿದ್ದಕ್ಕೆ ಬಹುಮಾನವಾಗಿಯಂತೂ ಕೊಡಲೇಬಾರದು, ಏಕೆಂದರೆ ಆಗ ಮಗುವಿನ ಮನಸ್ಸಿನಲ್ಲಿ ಊಟವು ಶಿಕ್ಷೆಯಾಗಿ ಬಿಡುತ್ತದೆ. ಕೆಮ್ಮು, ಕಫ, ಜ್ವರ, ಅಜೀರ್ಣ ಇರುವಾಗ ಬೇಡ. ತಿಂದ ಮೇಲೆ ಬಾಯಿ ಮುಕ್ಕಳಿಸಬೇಕು. ಒಂದು ವರ್ಷದ ಒಳಗಿನ ಶಿಶುಗಳಿಗೆ ಸಕ್ಕರೆಯ ತಿನಿಸೇ ನಿಷಿದ್ಧ. ಮಧುಮೇಹವಿರುವ ಮಕ್ಕಳ ತಂದೆತಾಯಿಗಳು ತಮ್ಮ ವೈದ್ಯರನ್ನು ಕೇಳಿಯೇ ನಿರ್ಧರಿಸಬೇಕು.

ಸಕ್ಕರೆಯ ಬದಲು ಜೇನು ಹಾಕಿದರೆ ಆರೋಗ್ಯಕರವಲ್ಲವೆ ಎಂದು ಹಲವರು ಕೇಳುತ್ತಾರೆ. ಕೂಡದು. ಜೇನನ್ನು ಕಾಯಿಸಬಾರದೆಂದು ಚರಕ, ಸುಶ್ರುತರಿಬ್ಬರೂ ಖಂಡಿತವಾಗಿ ಹೇಳಿದ್ದಾರೆ. ವಾಗ್ಭಟರ ಮೋದಕದಲ್ಲಿ ಜೇನು ಇರುವುದೂ ಅದನ್ನು ಬೇಯಿಸದೆ ಕಟ್ಟುವುದರಿಂದಲೇ. ಒಂದು ವರ್ಷ ತುಂಬದ ಶಿಶುವಿಗಂತೂ ಹಸಿ ಜೇನನ್ನೂ ನೆಕ್ಕಿಸಬಾರದು. ಬಾಟುಲಿಸಂ ಎಂಬ ಅಪರೂಪದ, ಆದರೆ ಪ್ರಾಣಾಂತಿಕವಾಗಬಲ್ಲ ರೋಗ ಅದರಿಂದ ಬರಬಹುದು. ಹುಟ್ಟಿದ ಮಗುವಿನ ನಾಲಿಗೆಗೆ ಜೇನು ಮುಟ್ಟಿಸುವ ವಾಡಿಕೆ ನಮ್ಮಲ್ಲಿ ಇರುವುದರಿಂದಲೂ, ಶಾಸ್ತ್ರದಲ್ಲಿ ಅದಕ್ಕೆ ಆಧಾರವಿದೆಯೆಂದು ವಾದಿಸುವವರು ಇರುವುದರಿಂದಲೂ ಇದನ್ನು ಒತ್ತಿ ಹೇಳುತ್ತಿದ್ದೇನೆ. ಆಚಾರ್ಯರ ಮೇಲಿನ ಗೌರವಕ್ಕೂ ಇಂದು ತಿಳಿದುಬಂದ ಅಪಾಯವನ್ನು ಒಪ್ಪಿಕೊಳ್ಳುವುದಕ್ಕೂ ವಿರೋಧವಿಲ್ಲ.

ಇನ್ನೊಂದು ಮಾತು. ಬೀಟ್‌ರೂಟ್ ತಿಂದ ಕೆಲವು ಮಕ್ಕಳಿಗೆ ಮರುದಿನ ಮೂತ್ರವೂ ಮಲವೂ ಕೆಂಪಾಗಿ ಕಾಣಬಹುದು. ಹೀಗೆ ಒಬ್ಬ ತಾಯಿ ಬೆಳಗಿನ ಆರು ಗಂಟೆಗೆ ನನ್ನ ಮನೆಯ ಬಾಗಿಲು ತಟ್ಟಿದ್ದರು. ಬೀಟ್‌ರೂಟ್ ನಿಲ್ಲಿಸಿದ ಎರಡು ದಿನಗಳಲ್ಲಿ ಬಣ್ಣ ಹೋದರೆ ಚಿಂತೆಯಿಲ್ಲ. ಹೋಗದಿದ್ದರೆ, ಅಥವಾ ಬೀಟ್‌ರೂಟ್ ತಿನ್ನದೆಯೇ ಕೆಂಪಾಗಿದ್ದರೆ, ತಡಮಾಡದೆ ಪರೀಕ್ಷೆ ಮಾಡಿಸಬೇಕು.

ಮೊದಲು ಹೇಳಿದ ಬಾಲಕಿ ಗೌರಿ ಹುಣ್ಣಿಮೆಯ ವಾರದಲ್ಲಿ ಅಜ್ಜಿಯೊಡನೆ ಮತ್ತೆ ಬಂದಿದ್ದಳು. ಜಂತುಗಳಿಗೂ ರಕ್ತಹೀನತೆಗೂ ಔಷಧ ನಡೆದಿದೆ. ಬೆಳಗಿನ ಚಹಾ ನಿಂತು ರೊಟ್ಟಿ, ಹೆಸರುಕಾಳಿನ ಪಲ್ಯ ಬಂದಿದೆ. ಹಿಮೋಗ್ಲೋಬಿನ್ 10.6ಕ್ಕೆ ಏರಿದೆ, ಇನ್ನೂ ಏರಬೇಕು. ದಸರೆಯ ನಂತರ ನಾನು ಬರೆದುಕೊಟ್ಟಿದ್ದ ಚೀಟಿಯನ್ನು ನೋಡಿ ಅವರ ಮನೆಯಲ್ಲಿಯೂ ಬಿಸ್ಕತ್ತು ಮಾಡಿದ್ದರು. ಅಜ್ಜಿ ಸೆರಗಿನ ಗಂಟಿನಿಂದ ಹಳದಿ ಆನೆಯೊಂದನ್ನು ಬಿಚ್ಚಿ, ಖಾಲಿ ಭರಣಿಯ ಪಕ್ಕದಲ್ಲಿಟ್ಟರು. ಅದಕ್ಕೆ ಮೂರೇ ಕಾಲುಗಳಿದ್ದವು. ನಾಲ್ಕನೆಯದು ಎಲ್ಲಿ ಎಂದು ಬಾಲಕಿಯನ್ನು ಕೇಳಿದೆ. ಬಸ್ಸಿನಲ್ಲಿ ಹಸಿವಾಯಿತು, ತಿಂದೆ ಎಂದಳು.